ಮೂರನೆಯ ಬಾಟಲಿ

ಗಾಡಿಮನೆ, ಫಾಲ್ಕನ್‌ರೂಟ್
೨ ಸೆಪ್ಟೆಂಬರ್ ೧೯೭೪

ಪ್ರೀತಿಯ ದೊಡ್ಡಪ್ಪ,

ಆಯಿತು! ಕುದಿಯಿತು, ಹಂಚಿಕೆಯಾಯಿತು, ನಮ್ಮ ಪಾಲು ಮನೆಗೂ ಬಂತು! ನಿಮ್ಮ ಆರೋಗ್ಯ ಆಮೇಲೆ ವಿಚಾರಿಸುತ್ತೇನೆ, ಮೊದಲು ಇದನ್ನು ಕೇಳಿ.

ಶನಿವಾರ ಬೆಳಕು ಹರಿಯುವ ಮೊದಲೇ ಊರ ಬಿಯರ್‌ಮನೆಯ ಒಲೆಗೆ ಸೌದೆ ತುಂಬಿದೆವು. ಕುಲುಮೆಮನೆಯಿಂದ ವೆಂಡೆಲಿನ್ ಮಾಮ, ಬಾವಿಮನೆಯಿಂದ ಆಫ್ರಾ ಅತ್ತೆ, ಗಾಡಿಮನೆಯ ಪರವಾಗಿ ನಾನು. ಇಷ್ಟು ವರ್ಷ ನೀವು ನಿಲ್ಲುತ್ತಿದ್ದ ಜಾಗದಲ್ಲಿ, ನಿಮ್ಮದೇ ಚರ್ಮದ ಏಪ್ರನ್ ಕಟ್ಟಿಕೊಂಡು ನಿಂತಿದ್ದೆ. ಅದು ನನ್ನ ಪಾದ ಮುಟ್ಟುತ್ತದೆ. ವೆಂಡೆಲಿನ್ ಮಾಮ ಕೊಪ್ಪರಿಗೆಯ ಆ ಕಡೆಯಿಂದ, "ಏನಮ್ಮಾ, ಏಪ್ರನ್ ಒಂದೇ ನಡ್ಕೊಂಡ್ ಬರ್ತಿದೆಯಲ್ಲ, ಒಳಗೆ ಯಾರಾದ್ರೂ ಇದ್ದಾರಾ?" ಅಂದರು. "ಇದ್ದಾಳೆ ಮಾಮ, ಕಿರ್ವಾ ಹಬ್ಬಕ್ಕೆ ನಿಮಗೆ ನೀರು ಕುಡಿಸೋಳು ಇದ್ದಾಳೆ" ಅಂದೆ. ಆಫ್ರಾ ಅತ್ತೆ ನಕ್ಕ ರಭಸಕ್ಕೆ ಹಾಪ್ ಹೂವಿನ ಬುಟ್ಟಿಯೇ ಉರುಳಿತು. ಅರ್ಧ ಹೂ ನೆಲಕ್ಕೆ, ಅರ್ಧ ನನ್ನ ಕೂದಲಿಗೆ. ಇವತ್ತಿಗೂ ತಲೆ ಬಾಚಿದರೆ ಕಹಿ ಪುಡಿ ಉದುರುತ್ತದೆ.

ಈಗ ನಮ್ಮ ಪಾಲು ನೆಲಮಾಳಿಗೆಯ ತೊಟ್ಟಿಯಲ್ಲಿದೆ. ಯೀಸ್ಟ್ ಹಾಕಿದ್ದೇನೆ. ಸಂಜೆ ಹೊತ್ತಿಗೆ ಮೇಲೆ ಬಿಳಿ ಕೆನೆ ಕಟ್ಟಿತ್ತು. ಬೆಳಿಗ್ಗೆ ನೋಡಿದರೆ ಹೂಕೋಸಿನ ಹಾಗೆ ಉಬ್ಬಿದೆ! ಕೂಗಿ ಅಮ್ಮನನ್ನೂ ಕೆಳಗೆ ಕರೆದುಕೊಂಡು ಹೋದೆ. ಅವಳು ನೋಡಿ, "ಬರೀ ನೊರೆ ಕಣೇ, ಮಗು ಹುಟ್ಟಿದ ಹಾಗೆ ಆಡ್ತೀಯಲ್ಲ" ಅಂದಳು.

ಒಂದೇ ಕೊಪ್ಪರಿಗೆಯಲ್ಲಿ ಒಂದೇ ಬಾರ್ಲಿ ಕುದ್ದದ್ದು, ಆದರೆ ಮೂರು ಮನೆಯ ನೆಲಮಾಳಿಗೆ ಸೇರಿದ ಮೇಲೆ ಮೂರು ರುಚಿ. ಅದಕ್ಕೇ ಅಲ್ಲವೇ ಈ ಶರತ್ಕಾಲದ ಬಿಯರಿಗೆ ಊರು ವರ್ಷವಿಡೀ ಕಾಯುವುದು. ಅಕ್ಟೋಬರಿನಲ್ಲಿ ಚರ್ಚಿನ ಕಿರ್ವಾ ಹಬ್ಬಕ್ಕೆ ಮುಂಚೆ ಯಾವುದು ಯಾರದೆಂದು ಗುರುತು ಹೇಳದೆ ಮೂರನ್ನೂ ನಿಮ್ಮ ಮುಂದಿಡುತ್ತಾರೆ, ನೀವು ರುಚಿ ನೋಡಿ ಸಾಲು ಹಚ್ಚುತ್ತೀರಿ, ಮೊದಲು ಬಂದವರ ಬಾಗಿಲಿಗೆ ಬಿಯರ್ ಮಾರುವ ಗುರುತಿನ ನಕ್ಷತ್ರ ಮೊದಲು ತೂಗುತ್ತದೆ, ಅವರದು ಮುಗಿದ ಮೇಲೆ ಮುಂದಿನವರ ಸರದಿ. ಈ ಸಲ ನೀವು ಆರೋಗ್ಯಧಾಮದಲ್ಲಿರುವುದರಿಂದ ಬಾಟಲಿಗಳನ್ನು ರೈಲಿನಲ್ಲಿ ಕಳಿಸುತ್ತೇವೆ. "ಆ ಮುದುಕನ ನಾಲಗೆ ಬಿಟ್ಟು ಬೇರೆ ನಾಲಗೆ ನಂಗೆ ಬೇಡ" ಅಂತ ವೆಂಡೆಲಿನ್ ಮಾಮನೇ ಹೇಳಿದರು.

ಬಸ್ಸು ಹತ್ತುವಾಗ ನೀವು ಹಾಕಿದ ಷರತ್ತು ನಾನು ಮರೆತಿಲ್ಲ. ಡಾಕ್ಟರು ನಿಮಗೆ ತಂಪು ನೆಲಮಾಳಿಗೆಗೆ ಇನ್ನು ಇಳಿಯಲೇಬಾರದು ಅಂದಿದ್ದಾರೆ. ನನ್ನ ಬಿಯರ್ ಕೊನೆಗೆ ಬಂದರೆ ನಮ್ಮ ನೆಲಮಾಳಿಗೆ ವೆಂಡೆಲಿನ್ ಮಾಮನ ಪಾಲು, ಕೊನೆಗೆ ಬರದಿದ್ದರೆ ನನ್ನದು. ಬರೋಲ್ಲ ದೊಡ್ಡಪ್ಪ, ಕೊನೆಗೆ ಬರೋಲ್ಲ!

ನಿಮ್ಮ ತಮ್ಮನ ಮಗಳು,
ಬುರ್ಗಿ

ತಾ.ಕ.: ಕೆಮ್ಮು ಹೇಗಿದೆ?

---

ಆರೋಗ್ಯಧಾಮ
೭ ಸೆಪ್ಟೆಂಬರ್ ೧೯೭೪

ಬುರ್ಗಿ,

ಕೆಮ್ಮು ಹೋಯಿತು. ಜ್ವರವೂ ಹೋಯಿತು. ನಾನು ಮಾತ್ರ ಇಲ್ಲೇ ಇದ್ದೇನೆ, ಇನ್ನೂ ಬಿಡುವುದಿಲ್ಲವಂತೆ. ಬೆಳಿಗ್ಗೆ ಎದ್ದರೆ ಗಾಳಿ ಸೇವನೆ, ಮಧ್ಯಾಹ್ನ ಗಾಳಿ ಸೇವನೆ, ಸಂಜೆ ಮತ್ತೆ ಅದೇ ಗಾಳಿ. ಊಟದಲ್ಲೂ ಗಾಳಿಯೇ ಇರಬೇಕು, ಬಾಯಿಗೆ ಇಟ್ಟರೆ ಏನೂ ಹತ್ತುವುದಿಲ್ಲ. ಹಂದಿಮಾಂಸ ರಟ್ಟಿನ ಹಾಗೆ, ಹುಳಿ ಎಲೆಕೋಸು ಒದ್ದೆ ಕಾಗದದ ಹಾಗೆ. ಅಡುಗೆಯವಳಿಗೆ ಬೈದೆ. ನರ್ಸ್ ಏಡಲ್‌ಟ್ರೌಟ್, "ಉಳಿದೋರೆಲ್ಲ ತಟ್ಟೆ ನೆಕ್ಕಿದ್ರು ತಾತ, ನಿಮ್ಮದೊಂದೇ ತಕರಾರು" ಅಂದಳು. ಇಲ್ಲಿ ತುಂಬಿರುವ ಉತ್ತರ ಸೀಮೆಯವರ ಜೊತೆ ಕೂತು ಊಟ ಮಾಡಿದರೆ ಹೀಗೇ, ಅವರಿಗೆ ಏನು ಕೊಟ್ಟರೂ ಆದೀತು.

ಬಿಯರಿನ ವಿಷಯಕ್ಕೆ ಬಾ. ಹೂಕೋಸು ಇಳಿಯುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ನಿನಗೆ ಕೈ ತುರಿಸುತ್ತದೆ, ಪೀಪಾಯಿಗೆ ಬಿಟ್ಟು ಮುಚ್ಚಿಬಿಡೋಣ ಅನ್ನಿಸುತ್ತದೆ. ಮುಟ್ಟಬೇಡ! ಮುಗಿಯಿತು ಅನ್ನಿಸಿದ ಮೇಲೂ ಎರಡು ದಿನ ತೊಟ್ಟಿಯಲ್ಲೇ ಇರಲಿ. ನಿಮ್ಮಪ್ಪನಿಗೆ ಇದೊಂದು ಯಾವತ್ತೂ ತಲೆಗೆ ಹೋಗಲಿಲ್ಲ, ನಿನಗಾದರೂ ಹೋಗಲಿ.

ಹಬ್ಬಕ್ಕೆ ಮುಂಚೆ ಎಳೆ ಬಿಯರ್ ಒಂದು ಸಲ ನೋಡಬೇಕು ನಾನು. ಮೂರೂ ಮನೆಯಿಂದ ಒಂದೊಂದು ಬಾಟಲಿ ಕಳಿಸು. ಯಾವುದು ಯಾರದೆಂದು ಬರೆಯಬೇಡ, ನಂಬರ್ ಹಾಕು ಸಾಕು. ಕಣ್ಣು ಕಟ್ಟಿ ಕೊಟ್ಟರೂ ಹೇಳುತ್ತೇನೆ. ಹೋದ ವರ್ಷ ಆಫ್ರಾಳದ್ದು ಜೇನಿನ ಕಡೆಗೆ ವಾಲಿತ್ತು, ವೆಂಡೆಲಿನದ್ದು ಬ್ರೆಡ್ಡಿನ ಸುಟ್ಟ ಅಂಚಿನ ಕಡೆಗೆ, ನಮ್ಮದರಲ್ಲಿ ಅಕ್ರೋಟು. ಅಜ್ಜನ ಕಾಲದಿಂದ ಆ ಗೋಡೆಗಳಲ್ಲೇ ಅಕ್ರೋಟು ಇದೆ.

ಜೊತೆಗೆ ನಮ್ಮ ಹಿತ್ತಲಿನ ಮುಲ್ಲಂಗಿ ಬೇರು, ಆ ಖಾರದ್ದು, ತುರಿದು ಕಳಿಸು.

ನಿನ್ನ ದೊಡ್ಡಪ್ಪ,
ಕೊರ್ಬಿನಿಯನ್

---

ಫಾಲ್ಕನ್‌ರೂಟ್
೧೪ ಸೆಪ್ಟೆಂಬರ್ ೧೯೭೪

ಪ್ರೀತಿಯ ದೊಡ್ಡಪ್ಪ,

ನಿಮ್ಮ ಕಾಗದ ಬಂತು. ನೀವು ಹೇಳಿದಂತೆಯೇ ಎಲ್ಲ ಆಗಿದೆ, ಚಿಂತೆ ಬೇಡ. ಬಿಯರ್ ಈಗ ಪೀಪಾಯಿಯಲ್ಲಿ ತಣ್ಣಗೆ ಮಲಗಿದೆ.

ಇದರ ಜೊತೆ ಮೂರು ಬಾಟಲಿ, ಮುಲ್ಲಂಗಿ, ಹೊಗೆಯಾಡಿಸಿದ ಮಾಂಸದ ಒಂದು ತುಂಡು. ಹಳೆ ಉಣ್ಣೆಯ ಕಾಲುಚೀಲದೊಳಗೆ ಸುತ್ತಿದ್ದೇನೆ, ನರ್ಸ್ ಕೇಳಿದರೆ ಕಾಲುಚೀಲ ಅನ್ನಿ. ಒಂದು, ಎರಡು, ಮೂರು ಅಂತ ಸೀಮೆಸುಣ್ಣದಲ್ಲಿ ಬರೆದಿದೆ. ಪ್ರತಿಯೊಂದನ್ನೂ ನಿಧಾನವಾಗಿ ಕುಡಿದು, ಒಳ್ಳೆಯದು ಕೆಟ್ಟದ್ದು ಎರಡನ್ನೂ ಬಿಡದೆ ಬರೆಯಿರಿ. ಕೆಟ್ಟದ್ದನ್ನಂತೂ ಖಂಡಿತ ಬರೆಯಿರಿ. ಮುಲಾಜು ನೋಡಬೇಡಿ.

ನನಗೆ ಈಗಲೇ ನಿದ್ದೆ ಬರುತ್ತಿಲ್ಲ!

ಬುರ್ಗಿ

---

ಆರೋಗ್ಯಧಾಮ
೨೦ ಸೆಪ್ಟೆಂಬರ್ ೧೯೭೪

ಬುರ್ಗಿ,

ಏನು ಹಬ್ಬ ಮಾಡಿಸಿದೆಯೇ ನನಗೆ! ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಕೂತು, ಹಲ್ಲುಜ್ಜುವ ಗ್ಲಾಸನ್ನು ಮೂರು ಸಲ ತೊಳೆದು, ಒಂದೊಂದಾಗಿ ನೋಡಿದೆ.

ನಂಬರ್ ಒಂದು ಆಫ್ರಾಳದ್ದು. ಅದೇ ಜೇನು, ಅದರ ಬೆನ್ನಿಗೆ ಒಣಗಿದ ಸೇಬಿನ ಸಿಪ್ಪೆ. ಸ್ವಲ್ಪ ಮೆತ್ತಗಾಯಿತು, ಅವಳ ಹಾಗೆಯೇ. ನಂಬರ್ ಎರಡು ವೆಂಡೆಲಿನ್ ಅಲ್ಲದೆ ಇನ್ಯಾರೂ ಅಲ್ಲ. ಸುಟ್ಟ ಬ್ರೆಡ್ಡು, ಕೊನೆಯಲ್ಲಿ ಕಬ್ಬಿಣದ ಮೊಳೆ ನೆಕ್ಕಿದಂತೆ. ನೆಲಮಾಳಿಗೆಯ ಗೋಡೆಗೆ ಸುಣ್ಣ ಹೊಡೆದು ಎಷ್ಟು ವರ್ಷವಾಯಿತೋ ಕೇಳು ಅವನನ್ನು. ನಂಬರ್ ಮೂರು, ಆಹಾ! ಅಕ್ರೋಟು, ಹಸಿ ಹುಲ್ಲು, ತಳದಲ್ಲಿ ಎಳೆ ಕಹಿ. ಕಣ್ಣಲ್ಲಿ ನೀರು ಬಂತು. ನಿಮ್ಮಜ್ಜ ಎದುರಿಗೆ ಬಂದು ಕೂತಂತಾಯಿತು. ಮೂರನೆಯದರಲ್ಲಿ ಒಂದು ಕುಂದೂ ಇಲ್ಲ.

ಹಬ್ಬದ ಬಾಟಲಿಗಳೂ ಹೀಗೇ ಇದ್ದರೆ ನೆಲಮಾಳಿಗೆಯ ಬೀಗದ ಕೈ ನಿನ್ನ ಸೊಂಟದಲ್ಲೇ ಎಂದು ತಿಳಿ. ನನ್ನ ಮಾತು ಸುಳ್ಳಾದದ್ದು ಎಂದಾದರೂ ನೋಡಿದ್ದೀಯಾ?

ಮುಲ್ಲಂಗಿ ಚೆನ್ನಾಗಿತ್ತು. ಮೂಗಿನಿಂದ ನೆತ್ತಿಗೆ ಏರಿತು. ಅದೊಂದು ತಿಂದಾಗ ಬದುಕಿದ್ದೇನೆ ಅನ್ನಿಸಿತು.

ಕೊರ್ಬಿನಿಯನ್

---

ಆರೋಗ್ಯಧಾಮ
೧ ಅಕ್ಟೋಬರ್ ೧೯೭೪

ಬುರ್ಗಿ,

ಯಾಕೆ ಕಾಗದವಿಲ್ಲ? ಹೊಗಳಿದ್ದು ತಲೆಗೇರಿತೋ? ಅಥವಾ ನಾನು ವೆಂಡೆಲಿನ್ ಬಗ್ಗೆ ಬರೆದದ್ದನ್ನು ಅವನಿಗೆ ಓದಿ ಹೇಳಿ ಜಗಳ ತಂದುಕೊಂಡೆಯೋ? ಹಬ್ಬ ಹತ್ತಿರ ಬಂತು. ಬಾಟಲಿಗಳನ್ನು ಯಾವಾಗ ಕಳಿಸುತ್ತೀರಿ ತಿಳಿಸು. ಏಡಲ್‌ಟ್ರೌಟ್ ದಿನಾ ಅಂಚೆಪೆಟ್ಟಿಗೆ ನೋಡಿ ಬಂದು, "ಕಾಲುಚೀಲ ಬಂದಿಲ್ಲ ತಾತ" ಅಂತ ಅಣಕಿಸುತ್ತಾಳೆ.

ಕೊ.

---

ಫಾಲ್ಕನ್‌ರೂಟ್
೪ ಅಕ್ಟೋಬರ್ ೧೯೭೪

ದೊಡ್ಡಪ್ಪ,

ಕೆಲಸ ಹೆಚ್ಚಾಗಿ ಬರೆಯಲಾಗಲಿಲ್ಲ, ಆಲೂಗಡ್ಡೆ ಅಗೆಯುವ ಸಮಯ. ಬಾಟಲಿ ಕಳಿಸುವ ಮಾತು ಬಂದಿತ್ತು. ಡಾಕ್ಟರು ನಿಮಗೆ ಬಿಯರ್ ಪೂರ್ತಿ ನಿಲ್ಲಿಸಿದ್ದಾರೆ, ಈ ವರ್ಷ ನಿಮಗೆ ತೊಂದರೆ ಕೊಡುವುದು ಬೇಡ ಅಂತ ವೆಂಡೆಲಿನ್ ಮಾಮನಿಗೂ ಆಫ್ರಾ ಅತ್ತೆಗೂ ಹೇಳಿದ್ದೇನೆ. ನೀವು ವಿಶ್ರಾಂತಿ ತೆಗೆದುಕೊಳ್ಳಿ. ಊಟ ಸರಿಯಾಗಿ ಮಾಡಿ.

ಬುರ್ಗಿ

---

ಆರೋಗ್ಯಧಾಮ
೭ ಅಕ್ಟೋಬರ್ ೧೯೭೪

ವಾಲ್ಬುರ್ಗಾ (ಇವತ್ತು ಬುರ್ಗಿ ಅಲ್ಲ),

ಯಾವ ಡಾಕ್ಟರು? ಯಾರು ನಿಲ್ಲಿಸಿದ್ದು? ನನ್ನ ಬಾಯಿಗೆ ಬೀಗ ಹಾಕಲು ನೀನು ಯಾರು?

ನನಗೆ ಅರ್ಥವಾಗದೆ ಇಲ್ಲ. ಎಳೆ ಬಿಯರಿಗೆ ಹೊಗಳಿಕೆ ಸಿಕ್ಕಿತು, ಆಮೇಲೆ ಪೀಪಾಯಿಯಲ್ಲಿ ಏನೋ ಕೆಟ್ಟಿತು, ಈಗ ಕೊನೆಗೆ ಬರುವ ಭಯ. ಅದಕ್ಕೆ ಪರೀಕ್ಷೆಯೇ ಬೇಡ ಅನ್ನುತ್ತಿದ್ದೀಯ. ಸೋತರೆ ಸೋಲಲಿ ಅನ್ನುವ ಎದೆಗಾರಿಕೆ ಇರಬೇಕಿತ್ತು. ಇಪ್ಪತ್ತು ವರ್ಷ ಆ ಬಿಯರ್‌ಮನೆಯಲ್ಲಿ ಸಾಲು ಹಚ್ಚಿದವನು ನಾನು. ಎರಡು ಸಲ ನಮ್ಮ ಮನೆಯದನ್ನೇ ಕೊನೆಗೆ ಹಾಕಿ ಮನೆಗೆ ಬಂದು ಊಟ ಬಿಟ್ಟಿದ್ದೇನೆ. ನನ್ನ ನಾಲಗೆಯನ್ನು ಊರಲ್ಲಿ ಯಾರೂ ಅನುಮಾನಿಸಿಲ್ಲ.

ಬಾಟಲಿ ಕಳಿಸು. ಇಲ್ಲವಾದರೆ ಈಗಲೇ ವೆಂಡೆಲಿನ್‌ಗೆ ಬರೆದು ನೆಲಮಾಳಿಗೆ ಅವನಿಗೆ ಒಪ್ಪಿಸುತ್ತೇನೆ.

ಕೊರ್ಬಿನಿಯನ್

---

ಫಾಲ್ಕನ್‌ರೂಟ್
೧೦ ಅಕ್ಟೋಬರ್ ೧೯೭೪

ದೊಡ್ಡಪ್ಪ,

ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಆ ಮೂರೂ ಬಾಟಲಿ ನಮ್ಮ ಪೀಪಾಯಿಯದೇ.

ಎಳೆ ಬಿಯರ್ ಕೇಳಿದರೆ ವೆಂಡೆಲಿನ್ ಮಾಮ, "ಹೊಟ್ಟೇಲಿರೋ ಮಗೂನ ತೋರ್ಸು ಅಂದ್ರೆ ಹೆಂಗಮ್ಮ" ಅಂತ ಬಾಗಿಲು ಹಾಕಿಕೊಂಡರು. ಆಫ್ರಾ ಅತ್ತೆಯೂ ಕೊಡಲಿಲ್ಲ. ನೀವು ಆಸೆಯಿಂದ ಕೇಳಿದ್ದೀರಿ, ಬರಿಗೈ ತೋರಿಸುವುದು ಹೇಗೆ? ನಮ್ಮದನ್ನೇ ಮೂರು ಬಾಟಲಿಗೆ ತುಂಬಿ ನಂಬರ್ ಹಾಕಿದೆ. "ಕತ್ತೆ, ಮೂರೂ ಒಂದೇ!" ಅಂತ ನೀವು ಬೈಯುತ್ತೀರಿ, ಇಬ್ಬರೂ ನಗೋಣ ಅಂದುಕೊಂಡಿದ್ದೆ. ನಿಮ್ಮ ಕಾಗದ ಬಂದಾಗ ಮೊದಲು ಬಿದ್ದು ಬಿದ್ದು ನಕ್ಕೆ. ಎರಡನೆಯ ಸಲ ಓದುವಾಗ ನಗು ನಿಂತಿತು. ಒದ್ದೆ ಕಾಗದದ ಹಾಗಿರುವ ಎಲೆಕೋಸು ನೆನಪಾಯಿತು, ಮುಲ್ಲಂಗಿಯ ಮಾತು ನೆನಪಾಯಿತು. ಅಡುಗೆಯವಳದ್ದು ತಪ್ಪಲ್ಲ, ಅಲ್ಲವೇ ದೊಡ್ಡಪ್ಪ? ಜ್ವರದ ಜೊತೆ ನಿಮ್ಮ ಮೂಗೂ ಹೋಯಿತಲ್ಲವೇ?

ನಾನು ಸೋಲಿಗೆ ಹೆದರಿ ಬಾಟಲಿ ನಿಲ್ಲಿಸಲಿಲ್ಲ. ಊರಿನ ಮುಂದೆ ನಿಮ್ಮ ಮಾತು ನಗೆಪಾಟಲಾಗಬಾರದು ಅಂತ ನಿಲ್ಲಿಸಿದೆ. ಈಗ ನೀವು ಹೇಗೆ ಹೇಳುತ್ತೀರೋ ಹಾಗೆ. ಕಳಿಸು ಅಂದರೆ ಮೂರೂ ಮನೆಯದನ್ನು ಕಳಿಸುತ್ತೇನೆ, ಯಾರಿಗೂ ಏನೂ ಹೇಳುವುದಿಲ್ಲ.

ನಿಮ್ಮ ಬುರ್ಗಿ

---

ಆರೋಗ್ಯಧಾಮ
೧೨ ಅಕ್ಟೋಬರ್ ೧೯೭೪, ತುರ್ತು ಅಂಚೆ

ಬುರ್ಗಿ,

ಕತ್ತೆ, ಮೂರೂ ಒಂದೇ!

ತಡವಾಗಿ ಬೈದೆ, ಕ್ಷಮಿಸು.

ಹೌದು. ಜ್ವರ ಬಿಟ್ಟ ದಿನ ಏಡಲ್‌ಟ್ರೌಟ್ ಕಾಫಿ ತಂದಳು, ಬಿಸಿನೀರು ಅಂದುಕೊಂಡೆ. ನಾಲಗೆಗೆ ಸಿಹಿ ಕಹಿ ಗೊತ್ತಾಗುತ್ತದೆ, ಉಳಿದದ್ದೇನೂ ಇಲ್ಲ. ಡಾಕ್ಟರು ಬಂದರೂ ಬರಬಹುದು, ಬರದೆಯೂ ಇರಬಹುದು ಅನ್ನುತ್ತಾನೆ. ಯಾರಿಗೂ ಹೇಳಲಿಲ್ಲ. ಬೀಗದ ಕೈ ಕೊಟ್ಟರೂ ಕೊಟ್ಟೇನು, ನಾಲಗೆ ಹೋಯಿತು ಅಂತ ವೆಂಡೆಲಿನ್ ಮುಂದೆ ಒಪ್ಪಿಕೊಳ್ಳಲು ನನ್ನ ಕೈಲಾಗಲಿಲ್ಲ. ಒಂದನ್ನೂ ಎರಡನ್ನೂ ಕುಡಿದೆ, ಏನೂ ಸಿಗಲಿಲ್ಲ, ಹೋದ ವರ್ಷದ ನೆನಪನ್ನೇ ಬರೆದೆ. ಮೂರನೆಯದನ್ನು ತೆರೆಯಲೇ ಇಲ್ಲ. ತೆರೆಯಲು ಭಯವಾಯಿತು. ಉಳಿದದ್ದು ನಮ್ಮದೇ ಇರಬೇಕೆಂದು ಲೆಕ್ಕ ಹಾಕಿ ಹೊಗಳಿಬಿಟ್ಟೆ. ಬಾಟಲಿ ಇನ್ನೂ ಹೊರಗೆ ಬಾಲ್ಕನಿಯಲ್ಲಿ, ಚಳಿಯಲ್ಲಿ, ಕಾಲುಚೀಲದೊಳಗಿದೆ.

ಈಗ ಕೇಳು. ಬಾಟಲಿ ಕಳಿಸಬೇಡ. ವೆಂಡೆಲಿನ್‌ಗೂ ಆಫ್ರಾಳಿಗೂ ಇವತ್ತೇ ನಿಜ ಬರೆದಿದ್ದೇನೆ. ಈ ವರ್ಷ ಸಾಲು ಹಚ್ಚುವವಳು ನೀನು. ನಿನ್ನದೂ ಅದರಲ್ಲಿದೆ ಅಂತ ಹಿಂಜರಿಯಬೇಡ, ನನ್ನದೂ ಇಪ್ಪತ್ತು ವರ್ಷ ಇತ್ತು. ಚಿಕ್ಕಂದಿನಲ್ಲಿ ನನ್ನ ತೊಡೆ ಮೇಲೆ ಕೂತು ನೊರೆ ನೆಕ್ಕಿ, "ಇದು ಹುಳಿ, ಇದು ಸಪ್ಪೆ" ಅನ್ನುತ್ತಿದ್ದೆಯಲ್ಲ, ಹಾಗೇ ಹೇಳು. ನೆಲಮಾಳಿಗೆಯ ಷರತ್ತು ಮಾತ್ರ ಷರತ್ತೇ. ಅದನ್ನು ಬದಲಾಯಿಸಿದರೆ ವೆಂಡೆಲಿನ್‌ಗೆ ಮೋಸ ಮಾಡಿದಂತೆ.

ನಿನ್ನ ದೊಡ್ಡಪ್ಪ

---

ಫಾಲ್ಕನ್‌ರೂಟ್
೧೬ ಅಕ್ಟೋಬರ್ ೧೯೭೪

ಪ್ರೀತಿಯ ದೊಡ್ಡಪ್ಪ,

ಏಪ್ರನ್ ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ, ಅಕ್ಷರ ವಕ್ರವಾದರೆ ಸಹಿಸಿಕೊಳ್ಳಿ.

ಸಂಜೆ ಬಿಯರ್‌ಮನೆ ಜಾತ್ರೆಯಾಗಿತ್ತು. ನಿಮ್ಮ ಮೂಗಿನ ಸುದ್ದಿ ಆಗಲೇ ಊರೆಲ್ಲ ಹರಡಿತ್ತು, ಆದರೆ ಒಬ್ಬರೂ ನಗಲಿಲ್ಲ. ಆಫ್ರಾ ಅತ್ತೆ ಕಣ್ಣೊರೆಸಿಕೊಂಡರು. ವೆಂಡೆಲಿನ್ ಮಾಮ ನಿಮ್ಮ ಮಾಮೂಲಿ ಸ್ಟೂಲನ್ನು ತಂದು ಕೊಪ್ಪರಿಗೆಯ ಪಕ್ಕಕ್ಕೆ ಹಾಕಿ, "ಕೂತ್ಕೊಳಮ್ಮ. ಮುದುಕ ಕಳ್ಸಿದ್ದಾನೆ ಅಂದ್ಮೇಲೆ ನೀನೇ ಮುದುಕ" ಅಂದರು.

ಮೂರು ಮಣ್ಣಿನ ಮಗ್ಗು, ಗುರುತು ತಳದಲ್ಲಿ. ಮೊದಲನೆಯದು ದೊಡ್ಡಪ್ಪ, ಅದನ್ನು ನೀವು ಕುಡಿಯಬೇಕಿತ್ತು! ಬೇಕರಿಯ ಬಾಗಿಲು ತೆರೆದ ಹಾಗೆ. ಬ್ರೆಡ್ಡಿನ ಸಿಪ್ಪೆ, ಹುರಿದ ಬಾರ್ಲಿ, ಕೊನೆಯಲ್ಲಿ ಹಾಪ್ ಹೂವಿನ ಕಹಿ ಬಂದು ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ, ತಕ್ಷಣ ಇನ್ನೊಂದು ಗುಟುಕು ಬೇಕು ಅನ್ನಿಸುತ್ತದೆ. ಮೂರನೆಯದರಲ್ಲಿ ಜೇನು. ಆದರೆ ತೆಳು, ನಾಲಗೆಯ ಮೇಲೆ ನಿಲ್ಲುವ ಮೊದಲೇ ಜಾರಿತು.

ಎರಡನೆಯದನ್ನು ಮೂಗಿನ ಹತ್ತಿರ ತಂದ ಕ್ಷಣವೇ ಗೊತ್ತಾಯಿತು. ಬೆಣ್ಣೆ. ಆಗ ತಾನೇ ಕಡೆದ ಬೆಣ್ಣೆಯ ವಾಸನೆ, ಬಿಯರಿನಲ್ಲಿ ಇರಬಾರದ ವಾಸನೆ. ನನ್ನದೇ ದೊಡ್ಡಪ್ಪ. ಸೆಪ್ಟೆಂಬರಿನಲ್ಲೇ ಒಂದು ಸಲ ಅದು ನನ್ನ ಮೂಗಿಗೆ ಬಡಿದಿತ್ತು. ಎರಡು ದಿನ ಬಿಡು ಅಂದ ನಿಮ್ಮ ಕಾಗದ ಬರುವ ಹೊತ್ತಿಗೆ ನಾನು ಅವಸರಕ್ಕೆ ಬಿದ್ದು ಪೀಪಾಯಿಗೆ ತುಂಬಿಯಾಗಿತ್ತು, ಆ ವಾಸನೆ ಇಳಿಯಲು ಬಿಡಲೇ ಇಲ್ಲ. ಎಲ್ಲ ನೀವು ಹೇಳಿದಂತೆಯೇ ಆಗಿದೆ ಅಂತ ಸುಳ್ಳು ಬರೆದೆ. ಬಾಟಲಿ ಕಳಿಸಿದ್ದೂ ಬರೀ ತಮಾಷೆಗಲ್ಲ, ನೀವು ಬೆಣ್ಣೆ ಹಿಡಿಯುತ್ತೀರೋ ಇಲ್ಲವೋ ನೋಡಲು. ಒಂದು ಕುಂದೂ ಇಲ್ಲ ಅಂತ ನೀವು ಬರೆದಾಗ ಕುಣಿದಾಡಿದ್ದೆ.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಜೇನಿನದು ತೆಳ್ಳಗಿದೆ, ಅದನ್ನು ಕೊನೆಗೆ ಹಾಕಿದರೆ ಯಾರೂ ಸೊಲ್ಲೆತ್ತುತ್ತಿರಲಿಲ್ಲ. ನೆಲಮಾಳಿಗೆ ಉಳಿಯುತ್ತಿತ್ತು. ಬಾಯಿವರೆಗೂ ಬಂದಿತ್ತು ದೊಡ್ಡಪ್ಪ, ನಿಮ್ಮಾಣೆ. ಆದರೆ ನಿಮ್ಮ ಸ್ಟೂಲಿನ ಮೇಲೆ ಕೂತು ಹಾಗೆ ಹೇಳಲು ನಾಲಗೆ ಹೊರಳಲಿಲ್ಲ.

"ಒಂದು ಮೊದಲು. ಮೂರು ಆಮೇಲೆ. ಎರಡು ಕೊನೆಗೆ" ಅಂದೆ. "ಇದರಲ್ಲಿ ಬೆಣ್ಣೆ ಇದೆ. ಮಾಡಿದೋಳಿಗೆ ತಾಳ್ಮೆ ಇಲ್ಲ."

"ಮಾಡಿದೋಳು" ಅಂದದ್ದು ಯಾರ ಕಿವಿಗೂ ತಪ್ಪಲಿಲ್ಲ. ವೆಂಡೆಲಿನ್ ಮಾಮ ಮಗ್ಗನ್ನು ಮಗುಚಿದರು, ತಳದಲ್ಲಿ ನಮ್ಮ ಗಾಡಿಚಕ್ರದ ಗುರುತು. ನಾನು ಏಪ್ರನ್ ಎತ್ತಿ ಹಿಡಿದುಕೊಂಡು ಮನೆಗೆ ಓಡಿ ಬಂದೆ.

ಬೀಗದ ಕೈ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದೇನೆ. ವೆಂಡೆಲಿನ್ ಮಾಮ ಬಂದಾಗ ಕೊಡುತ್ತೇನೆ. ಅಳುತ್ತಿದ್ದೇನೆ, ನಿಜ. ಆದರೆ ಒಂದು ಮಾತು: ಆ ಮೊದಲನೆಯ ಮಗ್ಗಿನ ರುಚಿ ಇನ್ನೂ ಬಾಯಲ್ಲಿದೆ, ಅದನ್ನು ನೆನೆದರೆ ಅಳುವಿನ ನಡುವೆಯೂ ಮೈ ಜುಮ್ಮೆನ್ನುತ್ತದೆ. ಅಂಥದ್ದನ್ನು ಒಂದು ಸಲ ನಾನೂ ಮಾಡಬೇಕಿತ್ತು.

ಬುರ್ಗಿ

---

ಆರೋಗ್ಯಧಾಮ
೧೯ ಅಕ್ಟೋಬರ್ ೧೯೭೪, ತುರ್ತು ಅಂಚೆ

ಬುರ್ಗಿ, ಬುರ್ಗಿ, ನನ್ನ ಚಿನ್ನ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಓದಿ ಮುಗಿಸಿ ಸೀದಾ ಆಫೀಸಿಗೆ ಹೋಗಿ ಊರಿನ ಅಂಚೆಮನೆಗೆ ಫೋನ್ ಹಚ್ಚಿಸಿ ವೆಂಡೆಲಿನ್‌ನನ್ನು ಕರೆಸಿದೆ. ಮಾತು ಮಾತೇ, ನೆಲಮಾಳಿಗೆ ನಿನ್ನದು, ಬೀಗದ ಕೈ ತೆಗೆದುಕೋ ಅಂದೆ. ಅವನು ಇಡೀ ಅಂಚೆಮನೆಗೆ ಕೇಳುವಂತೆ ಅರಚಿದ: "ನಂಗೆ ಬೇಡ ಮಾರಾಯ! ಒಂದು ನೆಲಮಾಳಿಗೆಗೆ ಸುಣ್ಣ ಹೊಡ್ಸೋಕೇ ಪುರುಸೊತ್ತಿಲ್ಲ, ಎರಡು ಇಟ್ಕೊಂಡ್ ಏನ್ಮಾಡ್ಲಿ? ತನ್ನ ಬಿಯರನ್ನೇ ಊರ ಮುಂದೆ ಉಗಿದೋಳು ಪಕ್ಕದ ಮನೇಲಿ ಇರ್ಬೇಕು. ಇಲ್ದಿದ್ರೆ ನಾವೆಲ್ಲ ನೀರು ಕುಡಿಯೋ ಕಾಲ ಬರತ್ತೆ." ಆಮೇಲೆ ದನಿ ತಗ್ಗಿಸಿ, "ನಮ್ಮನೆ ತೊಟ್ಟೀಲಿ ಹೊಸ ಬಿಯರ್ ನೊರೆ ಕಟ್ಟಿದೆ, ಒಂದು ಬಕೆಟ್ ಇಸ್ಕೊಂಡ್ ಹೋಗು ಅಂತ ಆ ಹುಡ್ಗಿಗೆ ಹೇಳು. ನಾನೇ ಹೇಳಿದ್ರೆ ಅತ್ತುಬಿಡ್ತಾಳೆ" ಅಂದ.

ಹೋಗಿ ಇಸಿದುಕೋ. ನಿನ್ನ ಪೀಪಾಯಿಗೆ ಸುರಿ, ನೆಲಮಾಳಿಗೆಯ ಕಿಟಕಿ ಮುಚ್ಚಿ ಸ್ವಲ್ಪ ಬೆಚ್ಚಗಿಡು. ಹೊಸ ಯೀಸ್ಟ್ ಆ ಬೆಣ್ಣೆಯನ್ನು ತಿಂದು ಮುಗಿಸುತ್ತದೆ. ನಾಳೆ ಕಿರ್ವಾಕ್ಕೆ ಕುಲುಮೆಮನೆಯ ಬಾಗಿಲಲ್ಲಿ ನಕ್ಷತ್ರ ತೂಗಲಿ, ಆಮೇಲೆ ಬಾವಿಮನೆ. ನಮ್ಮ ಸರದಿ ಬರುವ ಹೊತ್ತಿಗೆ ನವೆಂಬರ್. ಅಷ್ಟು ಕಾಲ ಅದಕ್ಕೆ ಸಾಕು, ನಿನಗೆ ತಾಳ್ಮೆ ಕಲಿಯಲೂ ಸಾಕು.

ಆದರೆ ಇಷ್ಟು ಹೇಳಲು ನಾನು ತುರ್ತು ಅಂಚೆ ಹಾಕುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ನಿನ್ನ ಕಾಗದ ಮತ್ತೆ ಓದಿದೆ. ಮೊದಲನೆಯ ಮಗ್ಗು, ಬೇಕರಿಯ ಬಾಗಿಲು, ಎಲ್ಲ. ಹೊಟ್ಟೆಕಿಚ್ಚಾಯಿತು. ಕಾಲುಚೀಲದಿಂದ ಮೂರನೆಯ ಬಾಟಲಿ ತೆಗೆದೆ. ಏನೂ ಸಿಗದಿದ್ದರೆ ಸಿಗದಿರಲಿ, ಹುಡುಗಿ ಅತ್ತುಕೊಂಡು ನಿಜ ಹೇಳಿದ್ದಾಳೆ, ನಾನು ಅವಳ ಬಿಯರನ್ನು ಕುಡಿಯುವ ಧೈರ್ಯವನ್ನಾದರೂ ಮಾಡಬೇಕು ಅಂತ ಮುಚ್ಚಳ ತೆಗೆದೆ. ಹಲ್ಲುಜ್ಜುವ ಗ್ಲಾಸಿಗೆ ಬಗ್ಗಿಸಿದೆ. ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದೆ.

ಮೊದಲು ಏನೂ ಇಲ್ಲ. ಗ್ಲಾಸನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಮೂಸಿದೆ. ಎಲ್ಲೋ ದೂರದಲ್ಲಿ, ಪಕ್ಕದ ಊರಿನಲ್ಲಿ ಯಾರೋ ಬಾಗಿಲು ತೆರೆದಂತೆ, ಸಣ್ಣಗೆ ಒಂದು ವಾಸನೆ ಬಂತು. ನಾನು ಕೂಗಿದ ಕೂಗಿಗೆ ಏಡಲ್‌ಟ್ರೌಟ್ ಔಷಧಿಯ ತಟ್ಟೆ ಬಿಟ್ಟು ಓಡಿ ಬಂದಳು. "ಏನಾಯ್ತು ತಾತ, ಎದೆ ನೋವಾ?" ಅಂದಳು. ಅವಳ ಮೂಗಿನ ಮುಂದೆ ಗ್ಲಾಸು ಹಿಡಿದು, "ಮೂಸಮ್ಮ, ಏನು ವಾಸನೆ ಹೇಳು, ಬೇಗ ಹೇಳು" ಅಂದೆ. ಅವಳು ಮೂಸಿ, ಮುಖ ಕಿವುಚಿ, "ಕೆಟ್ಟುಹೋಗಿದೆ ಇದು. ಬೆಣ್ಣೆ ವಾಸ್ನೆ" ಅಂದಳು.

ಬೆಣ್ಣೆ, ಬುರ್ಗಿ! ನನ್ನ ಮೂಗಿಗೆ ಬಂದದ್ದೂ ಅದೇ! ಕೈಯಲ್ಲಿ ಗ್ಲಾಸು ಹಿಡಿದು ಮಗುವಿನ ಹಾಗೆ ಅತ್ತೆ. ನನ್ನ ಆಯುಷ್ಯದಲ್ಲಿ ಇಷ್ಟು ಕೆಟ್ಟ ಶರತ್ಕಾಲದ ಬಿಯರ್ ಕುಡಿದಿಲ್ಲ, ಕೊನೆಯ ಹನಿಯವರೆಗೂ ಕುಡಿದೆ.

ನಿನ್ನ ದೊಡ್ಡಪ್ಪ,
ಕೊರ್ಬಿನಿಯನ್